ಏಕಾಂತಮ್ಮ ಬಿಚ್ಚಿದ ಮೌತ್ ಆರ್ಗನ್

ಮೂರನೆಯ ಸಲ ಊದಿದಾಗಲೂ ಸ್ವರ ಬರಲಿಲ್ಲ. ಗಾಳಿ ಮಾತ್ರ ಬುಸ್ಸೆಂದಿತು. ಮೂರ್ತಪ್ಪ ಮೌತ್ ಆರ್ಗನ್ನನ್ನು ತೊಡೆಯ ಮೇಲಿಟ್ಟುಕೊಂಡು ಎದೆ ನೀವಿಕೊಂಡ.

"ನನ್ ಕೈಲಿ ಆಗಲ್ಲ ಕಣೇ. ಸೋಮವಾರ ಸ್ಕೂಲಿಗೆ ಬರಲ್ಲ ಅಂತ ಹೆಡ್‌ಮಾಸ್ಟ್ರಿಗೆ ಬರ್ದು ಹಾಕ್ತೀನಿ."

ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಅವನ ಹೆಂಡತಿ ಏಕಾಂತಮ್ಮ ತುಳಿಯುವುದನ್ನು ನಿಲ್ಲಿಸಿದಳು. ಎಪ್ಪತ್ನಾಲ್ಕರ ಜೂನ್ ತಿಂಗಳು. ಹತ್ತು ತಿಂಗಳು ಕ್ಷಯದ ಆಸ್ಪತ್ರೆಯಲ್ಲಿದ್ದು ಬಂದ ಗಂಡನಿಗೆ, ವಾಸಿಯಾಗಿದೆ, ಇನ್ನು ಪಾಠ ಮಾಡಬಹುದು ಎಂದು ಡಾಕ್ಟರೇ ಹೇಳಿ ಕಳಿಸಿದ್ದರು. ಮೂರ್ತಪ್ಪ ಮಾತ್ರ ನಂಬಿರಲಿಲ್ಲ. ಶ್ರೀರಾಂಪುರದ ಶಾಲೆಯಲ್ಲಿ ಹದಿನಾಲ್ಕು ವರ್ಷ ಮಕ್ಕಳಿಗೆ ಪದ್ಯಗಳನ್ನು ಇದೇ ವಾದ್ಯದಲ್ಲಿ ನುಡಿಸಿ ಕಲಿಸಿದ್ದವನು, ಈಗ ತನ್ನ ಉಸಿರನ್ನು ಅದರಲ್ಲೇ ಪರೀಕ್ಷೆ ಮಾಡಿಕೊಂಡು ಸೋತಿದ್ದ.

"ಕೊಡ್ರಿ ಇಲ್ಲಿ. ಹತ್ತು ತಿಂಗ್ಳು ಟ್ರಂಕ್‌ನಾಗೆ ಬಿದ್ದಿತ್ತು. ನಿಮ್ಮೆದೆ ಆಮ್ಯಾಲೆ, ಮದ್ಲು ಇದ್ರ ಎದೆ ನೋಡಾಣ."

ಅವನು ಬೇಡವೆನ್ನುವಷ್ಟರಲ್ಲಿ ಅವಳು ಬಿಳಿ ಬಟ್ಟೆ ಹಾಸಿ, ಮೆಷಿನ್ನಿನ ಸಣ್ಣ ಸ್ಕ್ರೂಡ್ರೈವರಿನಿಂದ ಮೇಲಿನ ತಗಡು ಬಿಚ್ಚಿದ್ದಳು. ಒಳಗೆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗಳ ಸಾಲು. ಅವುಗಳ ಪಕ್ಕದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗಳು, ಕೆಲವು ಒಣಗಿದ ಎಲೆಯಂತೆ ಮುರುಟಿದ್ದವು. ಒಂದು ಉದುರಿಯೇ ಹೋಗಿತ್ತು.

"ಇವು ಯಾಕ್ರೀ ಎದ್ದು ನಿಂತವೆ?"

"ಗಾಳಿ ಸೋರದಂಗೆ ಮುಚ್ಚೋ ಪಟ್ಟಿ ಅವು."

"ಮುಚ್ಚದೆ ಇದ್ರೆ ಎಷ್ಟು ಊದಿದ್ರೂ ಸೋರಿ ಹೋಗ್ತೈತಲ್ರಿ!"

ಮೂರ್ತಪ್ಪ ಹತ್ತಿರ ಸರಿದು ಕೂತ. ಏಕಾಂತಮ್ಮ ಒಂದೊಂದು ಪಟ್ಟಿಯನ್ನೂ ಒದ್ದೆ ಮಲ್ ಬಟ್ಟೆಯ ತುಂಡಿನಿಂದ ಒರೆಸಿ, ಬೆರಳಿನಲ್ಲಿ ನೀವಿ ನೆಟ್ಟಗೆ ಮಾಡಿದಳು. ಉದುರಿದ್ದರ ಜಾಗಕ್ಕೆ ರವಿಕೆ ಕಣದ ಪ್ಲಾಸ್ಟಿಕ್ ಕವರಿನಿಂದ ಹೊಸದೊಂದು ಕತ್ತರಿಸಿದಳು. ಅಗಲವಾಯಿತು. ಮತ್ತೆ ಕತ್ತರಿಸಿ, ಒಂದು ತುದಿಗೆ ಮಾತ್ರ ಸೈಕಲ್ ಟ್ಯೂಬಿನ ಸೊಲ್ಯೂಷನ್ ಸವರಿ ಅಂಟಿಸಿದಳು. ಒಂದು ನಾಲಿಗೆ ತನ್ನ ಸಂದಿಗೆ ತೀರಾ ಒತ್ತಿ ಕೂತಿತ್ತು.

"ತುದೀನ ಕೂದ್ಲೆಳೆಯಷ್ಟು ಎತ್ತು. ಜಾಸ್ತಿ ಬ್ಯಾಡ," ಎಂದ.

ಅವಳು ಸೂಜಿಯ ಮೊನೆ ತೂರಿಸಿದಳು. ಅವನು ಮಿಸುಕಲಿಲ್ಲ.

"ಉಸ್ರು ಬಿಡ್ರಿ, ನಾನೇನ್ ಮುರಿಯಲ್ಲ."

ಅಂಟು ಒಣಗುವವರೆಗೆ ಊಟ ಮಾಡಿದರು. ಆಮೇಲೆ ಮೂರ್ತಪ್ಪ ಹೆದರುತ್ತಲೇ, ಬಿಸಿ ಹಾಲು ಆರಿಸುವಷ್ಟು ಮೆಲ್ಲಗೆ ಊದಿದ. ಸ್ವರ ತುಂಬಿಕೊಂಡು ಬಂತು. ವಾದ್ಯದ ಪಕ್ಕದಲ್ಲಿದ್ದ ಗುಂಡಿ ಒತ್ತಿದ. ಸ್ವರ ಅರ್ಧ ಮೆಟ್ಟಿಲು ಮೇಲೇರಿತು. ಎರಡನೆಯ ತರಗತಿಯ ಪದ್ಯವೊಂದರ ಮೊದಲ ಸಾಲು ನುಡಿಸಿದ. ಎರಡನೆಯ ಸಾಲು ಮುಗಿದರೂ ಎದೆಯಲ್ಲಿ ಇನ್ನೂ ಉಸಿರಿತ್ತು.

"ಕೆಟ್ಟಿದ್ದು ನನ್ನೆದೆ ಅಲ್ಲ ಕಣೇ," ಎಂದ. ಕಣ್ಣೊರೆಸಿಕೊಂಡ. ಹತ್ತು ತಿಂಗಳು, ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ಆಸ್ಪತ್ರೆಯ ಕಿಟಕಿಯಾಚೆ ನಿಂತಿರುತ್ತಿದ್ದ ಅವಳ ಮುಖವನ್ನು ನೋಡಿದ.

"ಅಳಬ್ಯಾಡ್ರಿ. ಸೋಮವಾರಕ್ಕೆ ಬಿಳೀ ಅಂಗಿ ಇಸ್ತ್ರಿ ಮಾಡ್ಲೋ, ನೀಲೀದೋ?"

"ಬಿಳೀದು," ಎಂದು ವಾದ್ಯವನ್ನು ಅವಳತ್ತ ಚಾಚಿದ. "ನೀನೊಂದ್ ಸಲ ಊದು."

ಚಾಚಿದವನೇ ಕೈ ಹಿಂದೆ ತೆಗೆದ. ಆಸ್ಪತ್ರೆಯಿಂದ ಬಂದ ಮೇಲೂ ತನ್ನ ಲೋಟವನ್ನು ಯಾರಿಗೂ ಮುಟ್ಟಗೊಡದೆ ಬೇರೆ ಇಟ್ಟುಕೊಂಡಿದ್ದವನು ಅವನು. "ತಡಿ, ಒರೆಸಿ ಕೊಡ್ತೀನಿ."

ಏಕಾಂತಮ್ಮ ಅಷ್ಟರಲ್ಲೇ ಅದನ್ನು ಕಿತ್ತುಕೊಂಡು ತುಟಿಗಿಟ್ಟುಕೊಂಡಿದ್ದಳು. ಊದಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಹೊಸ್ತಿಲ ಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತು, ಅವೆರಡನ್ನೇ ಅವಳು ಮತ್ತೆ ಮತ್ತೆ ನುಡಿಸುತ್ತಿದ್ದಳು.