ಖಾಲಿ ಗಾಡಿಯ ಸೋಡಾ ಬಾಟಲಿ

ನಾನು ಒಂದು ಗೋಲಿ ಸೋಡಾ ಬಾಟಲಿ. ಆದರೆ ನನ್ನಲ್ಲಿ ಗಾಜಿಲ್ಲ, ನೀರೂ ಇಲ್ಲ. ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ನೀಲಾಂಬಿಕಾ ಎಂಬ ಹುಡುಗಿಯ ಕಂಪ್ಯೂಟರಿನೊಳಗೆ. ಅಲ್ಲಿ ಏಳೆಂಟು ಜನ ಸೇರಿ ‘ಕರಿಬಂದರು’ ಎಂಬ ವಿಡಿಯೊ ಗೇಮ್ ಕಟ್ಟುತ್ತಿದ್ದರು. ಕರಿಬಂದರು ಕಲ್ಪನೆಯ ಊರು. ಆಡುವವರು ತಿಪ್ಪ ಎಂಬ ರೌಡಿಯಾಗಿ ಆ ಊರಿನಲ್ಲಿ ಬೇಕಾದ ಕಡೆ ತಿರುಗಬಹುದು, ಬೈಕು ಕದಿಯಬಹುದು, ಹೊಡೆದಾಡಬಹುದು.

ನೀಲಾ ತನ್ನ ಮೇಜಿನ ಮೇಲೆ ಒಂದು ನಿಜವಾದ ಬಾಟಲಿ ಇಟ್ಟುಕೊಂಡು, ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ನನ್ನನ್ನು ಮಾಡಿದಳು. ಮೈಗೆ ತಿಳಿಹಸಿರು ಬಣ್ಣ ಕೊಟ್ಟಳು. ಕುತ್ತಿಗೆಯಲ್ಲಿ ಗೋಲಿ ಇಟ್ಟಳು. ಅದನ್ನು ಹೆಬ್ಬೆರಳಿನಿಂದ ಒತ್ತಿದಾಗ ಬರುವ ‘ಚುಯ್’ ಎಂಬ ಸದ್ದನ್ನು ತಾನೇ ರೆಕಾರ್ಡ್ ಮಾಡಿ ಹಾಕಿದಳು. ಆಮೇಲೆ ನನಗೊಂದು ಕೈಗಾಡಿ ಮಾಡಿ, ಗಾಡಿಯ ಹಿಂದೆ ಬಿಳಿ ಮೀಸೆಯ ಒಬ್ಬ ಮುದುಕನನ್ನು ನಿಲ್ಲಿಸಿದಳು. ಏಟು ತಿಂದು ಸುಸ್ತಾದ ತಿಪ್ಪ ಗಾಡಿಯ ಹತ್ತಿರ ಬಂದು ನನ್ನನ್ನು ಕುಡಿದರೆ ಅವನಿಗೆ ಮತ್ತೆ ಶಕ್ತಿ ಬರುತ್ತಿತ್ತು. ನನ್ನ ಕೆಲಸ ಇಷ್ಟೇ ಎಂದುಕೊಂಡಿದ್ದೆ.

ಒಂದು ದಿನ ಸಂಸ್ಥೆಯ ಯಜಮಾನ ಗುರುಪಾದ ಬಂದು ಅವಳ ಹಿಂದೆ ನಿಂತ.

“ಗಲ್ಲಿ ಜಗಳದಾಗ ಬರೇ ಚಾಕು, ಪಿಸ್ತೂಲು ಆಗ್ಯಾವ ನೀಲಾ. ನಮ್ಮ ಕಡೆ ಜಗಳ ಆದ್ರ ಮೊದಲ ಏನ್ ಹಾರತೈತಿ? ಸೋಡಾ ಬಾಟ್ಲಿ. ಇದನ್ನೂ ಆಯುಧದಾಗ ಸೇರಸ್ರಿ.”

“ಸರ, ಇದನ್ನ ಕುಡಿಯಾಕಂತ ಮಾಡೇನ್ರಿ.”

“ಕುಡೀಲಿ, ಯಾರ್ ಬ್ಯಾಡ ಅಂತಾರ? ಕುಡದ ಮ್ಯಾಲ ಎದುರಿನವನ ತಲಿಗೆ ಒಗೀಲಿ.”

ಒಡೆದಾಗ ನಾನು ಹೇಗೆ ಕಾಣುತ್ತೇನೆಂದು ನೀಲಾಳೇ ಬಿಡಿಸಬೇಕಾಯಿತು. ಅಷ್ಟು ಪ್ರೀತಿಯಿಂದ ಮಾಡಿದ ಕೈಗಳೇ ನನ್ನ ಅಂಚುಗಳನ್ನು ಚೂಪು ಮಾಡಿದವು. ನಾನು ತಗುಲಿದರೆ ಎಷ್ಟು ಪೆಟ್ಟಾಗಬೇಕೆಂಬುದನ್ನು ಪಕ್ಕದ ಮೇಜಿನ ಮುಬಾರಕ್ ಗೊತ್ತುಮಾಡಿದ. ಅಂದಿನಿಂದ ನನ್ನ ಹೆಸರು ತಿನಿಸು-ಪಾನೀಯಗಳ ಗುಂಪಿನಲ್ಲೂ ಇತ್ತು, ಆಯುಧಗಳ ಗುಂಪಿನಲ್ಲೂ ಇತ್ತು. ಒಂದು ಕಡೆ ನಾನು ಜೀವ ತುಂಬುತ್ತಿದ್ದೆ, ಇನ್ನೊಂದು ಕಡೆ ಜೀವ ತೆಗೆಯುತ್ತಿದ್ದೆ. ಇವೆರಡೂ ಒಂದೇ ಬಾಟಲಿ ಹೇಗಾಗುತ್ತದೆಂದು ನನಗೆ ಅರ್ಥವಾಗಲಿಲ್ಲ.

ಆಡಿ ನೋಡುವ ದಿನ ಎಲ್ಲರೂ ದೊಡ್ಡ ಪರದೆಯ ಮುಂದೆ ಸೇರಿದರು. ಮುಬಾರಕ್ ತಿಪ್ಪನನ್ನು ಗಾಡಿಯ ಹತ್ತಿರ ನಡೆಸಿ, ಕುಡಿಸಲೆಂದು ಬಟನ್ ಒತ್ತಿದ. ಎಸೆಯುವುದಕ್ಕೂ ಅದೇ ಬಟನ್ ಆಗಿಬಿಟ್ಟಿತ್ತು. ತಿಪ್ಪ ನನ್ನನ್ನು ಎತ್ತಿ ಗಾಡಿಯವನ ಮುಖಕ್ಕೇ ಬೀಸಿದ. ಮುದುಕ ಎರಡೂ ಕೈ ಮುಖದ ಮೇಲಿಟ್ಟುಕೊಂಡು ಕುಸಿದ.

ಎಲ್ಲರೂ ನಕ್ಕರು. ನೀಲಾ ಎದ್ದು ಹೊರಗೆ ಹೋದಳು.

ಗುರುಪಾದ ಹಿಂದೆಯೇ ಹೋಗಿ ಅವಳನ್ನು ಕರೆತಂದ. ಆಗ ಅವಳು ನಿಂತಲ್ಲೇ ಹೇಳಿದಳು.

“ಆ ಮುಖ ನಮ್ಮ ಅಪ್ಪಂದ್ರಿ ಸರ. ಸೋಡಾ ಗಾಡಿ ಇಟ್ಟಿದ್ರು. ಯಾರದೋ ಜಗಳದಾಗ ಯಾರೋ ನಮ್ಮ ಗಾಡ್ಯಾಗಿನ ಬಾಟ್ಲೀನ ತಗೊಂಡು ಒಗದ್ರು. ಅಪ್ಪನ ಎಡಗಣ್ಣು ಹೋತು. ಈ ಬಾಟ್ಲಿ ಇದ್ರ ನಾ ಇರಂಗಿಲ್ಲ.”

“ಮೊದಲ ಹೇಳಬಾರದಿತ್ತೇನವ್ವಾ,” ಎಂದ ಗುರುಪಾದ. ಮುಬಾರಕ್‌ಗೆ ನನ್ನನ್ನು ತೆಗೆದುಹಾಕಲು ಹೇಳಿದ.

ತೆಗೆದರೆ ಆಟವೇ ನಿಂತುಹೋಗುತ್ತಿತ್ತು. ಯಾವ ಯಾವ ಎಳೆ ನನಗೆ ಸುತ್ತಿಕೊಂಡಿತ್ತೋ ಮುಬಾರಕ್‌ಗೂ ತಿಳಿಯಲಿಲ್ಲ. ಕೊನೆಗೆ ಅವನು ನನ್ನನ್ನು ಒಳಗೇ ಬಿಟ್ಟು, ನನ್ನ ಬಳಿ ಬರುವ ದಾರಿಗಳನ್ನಷ್ಟೇ ಮುಚ್ಚಿದ. ಗಾಡಿ ಖಾಲಿಯಾಯಿತು.

ಆಟ ಮಾರಾಟಕ್ಕೆ ಬಂತು. ಸಾವಿರಾರು ಮನೆಗಳಿಗೆ ನಾನೂ ಹೋದೆ, ಯಾರ ಕಣ್ಣಿಗೂ ಬೀಳಲಿಲ್ಲ. ಹೊರಗೆ ಗುಂಡಿನ ಸದ್ದು, ಓಡುವ ಹೆಜ್ಜೆಗಳ ಸದ್ದು ಕೇಳುತ್ತಿತ್ತು. ನಾನು ಆಟದಲ್ಲಿ ಇದ್ದೇನೋ ಇಲ್ಲವೋ ಎಂದು ಕೇಳೋಣವೆಂದರೆ ಜೊತೆಗೆ ಇನ್ನೊಂದು ಬಾಟಲಿಯೂ ಇರಲಿಲ್ಲ.

ಎಷ್ಟೋ ಕಾಲದ ನಂತರ ಮಂಗಳೂರಿನ ಡೆನ್ಜಿಲ್ ಎಂಬವನು ಆಟದ ಕಡತಗಳನ್ನು ಕೆದಕುತ್ತ ನನ್ನನ್ನು ಕಂಡ. ಹಗಲು ಫ್ರಿಜ್ಜು ರಿಪೇರಿ ಮಾಡುವ ಮನುಷ್ಯ ಅವನು. ಹೇಗೋ ಮಾಡಿ ನನ್ನನ್ನು ತಿಪ್ಪನ ಕೈಗಿಟ್ಟ. ಕೈ ನನ್ನನ್ನು ಹಿಡಿಯುವ ದಾರಿಯೂ ಮುಚ್ಚಿದ್ದರಿಂದ ನಾನು ತಿಪ್ಪನ ಅಂಗೈ ಪಕ್ಕ ಗಾಳಿಯಲ್ಲಿ ತೇಲಿದೆ. ತಿಪ್ಪ ಎರಡೂ ತೋಳು ಚಾಚಿ ಕಂಬದಂತೆ ನಿಂತ. ಡೆನ್ಜಿಲ್ ಅದರ ವಿಡಿಯೊ ಹಾಕಿದ. ಕಂಪನಿಯವರು ಹೆದರಿ ಬಚ್ಚಿಟ್ಟಿದ್ದಾರೆ ಎಂದರು ನೋಡಿದವರಲ್ಲಿ ಕೆಲವರು. ಇದು ಎಲ್ಲಕ್ಕಿಂತ ದೊಡ್ಡ ಆಯುಧವಂತೆ ಎಂದರು ಇನ್ನು ಕೆಲವರು. ಯಾರ ಮಾತು ನಂಬಬೇಕೆಂದು ನನಗೇ ತೋಚಲಿಲ್ಲ.

ಆ ವಿಡಿಯೊ ನೀಲಾಳ ತಂದೆಯವರೆಗೂ ಹೋಯಿತು. ಒಂದು ಮಧ್ಯಾಹ್ನ ಅವರೇ ಮಗಳ ಕಚೇರಿಗೆ ಬಂದು ಅವಳ ಕುರ್ಚಿಯಲ್ಲಿ ಕುಳಿತರು. ಅವಳು ಕರಿಬಂದರನ್ನು ತೆರೆದು ತಿಪ್ಪನನ್ನು ಗಾಡಿಯ ಮುಂದೆ ನಿಲ್ಲಿಸಿದಳು. ಅವರು ಇದ್ದ ಒಂದು ಕಣ್ಣನ್ನು ಪರದೆಗೆ ಹತ್ತಿರ ತಂದರು.

“ಎರಡೂ ಕಣ್ಣು ಕೊಟ್ಟೀಯಲ್ಲ ನನಗ.”

“ಹೂಂ ಅಪ್ಪಾ.”

“ಗಾಡ್ಯಾಗ ಯಾಕ ಏನೂ ಇಲ್ಲ?”

“ಬಾಟ್ಲಿ ತಗಸೀನಿ. ನೋಡಾಕ ಆಗಲಿಲ್ಲ.”

ಅವರು ಪರದೆಯ ಮುದುಕನನ್ನೇ ನೋಡುತ್ತಿದ್ದರು. ಅವನು ಬರಿದಾದ ಗಾಡಿಯ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದ.

“ಹಿಂಗ ದಿನಾ ನಿಂತಾನೇನ್ ಪಾಪ, ಖಾಲಿ ಗಾಡಿ ಇಟಗೊಂಡು?” ಎಂದರು. ಆಮೇಲೆ ಮಗಳ ಕಡೆ ತಿರುಗಿ, “ಒಗದಾವ ಒಬ್ಬನ ಯವ್ವಾ. ಕುಡದು ಹೋದವ್ರು ಎಷ್ಟ್ ಮಂದಿ,” ಎಂದರು.

ನೀಲಾ ಅವರನ್ನು ಆಟೋ ಹತ್ತಿಸಿ ಬಂದು ಮುಬಾರಕ್‌ನ ಪಕ್ಕ ಕುಳಿತಳು. ಇಬ್ಬರೂ ಕೂಡಿ ಮುಚ್ಚಿದ ದಾರಿಗಳನ್ನು ಒಂದೊಂದಾಗಿ ಬಿಡಿಸಿದರು.

“ಒಗಿಯೂದು ತಗದ ಬಿಡ್ಲೇನ್ರಿ?” ಎಂದು ಮುಬಾರಕ್ ಕೇಳಿದ.

ಅವಳು ಉಗುರು ಕಚ್ಚುತ್ತ ಯೋಚಿಸಿದಳು. “ಬ್ಯಾಡ. ಎರಡಕ್ಕೂ ಬಟನ್ ಬ್ಯಾರೆ ಬ್ಯಾರೆ ಮಾಡ್ರಿ. ಏನ್ ಮಾಡಬೇಕು ಅನ್ನೂದು ಆಡಾವ್ರಿಗೆ ಬಿಟ್ಟದ್ದು.”

ಅವಳು ಯಾಕೆ ಹಾಗೆಂದಳೋ ನನಗೆ ಇವತ್ತಿಗೂ ತಿಳಿದಿಲ್ಲ. ಬೇಡವೆಂದು ಹಟ ಹಿಡಿದವಳೇ ಬೇಕೆಂದಳು.

ತಿದ್ದಿದ ಆಟ ಮತ್ತೆ ಮನೆಮನೆಗೆ ಹೋಗಿ ವರ್ಷಗಳಾದವು. ಈಗ ನನಗೆ ವಯಸ್ಸಾಗಿದೆ. ಅದೇ ಮಹಡಿಯಲ್ಲಿ ಹೊಸ ಆಟ ತಯಾರಾಗುತ್ತಿದೆ. ಕರಿಬಂದರಿಗೆ ಬರುವವರು ಕಡಿಮೆ. ಬಂದವರಲ್ಲಿ ಕೆಲವರು ಕುಡಿಯುತ್ತಾರೆ, ಕೆಲವರು ಎಸೆಯುತ್ತಾರೆ. ಒಂದು ಕೈ ನನ್ನತ್ತ ಚಾಚಿದಾಗ ಅದು ಬಾಯಾರಿಕೆಯೋ ಸಿಟ್ಟೋ ಎಂಬುದು ನನಗೆ ಗೊತ್ತಾಗುವುದಿಲ್ಲ. ನನ್ನ ಹಿಂದೆ ನಿಂತ ಮುದುಕನಿಗೂ ಗೊತ್ತಿರಲಾರದು. ಆದರೂ ಅವನು ಪ್ರತಿ ಸಲ ನನ್ನನ್ನು ಒರೆಸಿ, ಮುಂದೆ ಹಿಡಿಯುತ್ತಾನೆ.