ಎರಡನೇ ನಂಬರು

ಜಯದೇವಪ್ಪನ ಹತ್ತಿರ ಗಾಡಿಯ ರೋಗ ಓದುವ ಸ್ಕ್ಯಾನರ್ ಇರಲಿಲ್ಲ. ಬೇಲೂರಿನಲ್ಲಿ ಅದಿದ್ದದ್ದು ಲೋಕೇಶನ ಹತ್ತಿರ ಮಾತ್ರ. ಆರು ವರ್ಷ ಇವನ ಜೊತೆಗೇ ಸ್ಪ್ಯಾನರ್ ಹಿಡಿದಿದ್ದ ಲೋಕೇಶ, ಬೆಂಗಳೂರಿನಲ್ಲಿ ಮೂರು ತಿಂಗಳು ಟ್ರೈನಿಂಗ್ ಮುಗಿಸಿ ಬಂದು, ಇವನ ಗ್ಯಾರೇಜಿನ ಎದುರಿಗೇ ಬೋರ್ಡು ಹಾಕಿದ್ದ. 'ಕಂಪ್ಯೂಟರ್ ಚೆಕಿಂಗ್' ಎಂಬ ಕೆಂಪಕ್ಷರ. ಬೆಳಿಗ್ಗೆ ಷಟರ್ ಎತ್ತಿದರೆ ಮೊದಲು ಕಾಣುತ್ತಿದ್ದದ್ದು ಅದೇ. ಮೊದಲು ಹೊಟ್ಟೆಕಿಚ್ಚು, ಆಮೇಲೆ ಕಾಫಿ.

2004ರ ಮಾರ್ಚಿನಲ್ಲಿ, ರಿಟೈರಾಗಿದ್ದ ಸುಂದರರಾಜ ಮೇಷ್ಟ್ರು ತಮ್ಮ ಕಾರು ತಂದರು. ಎಡಮೊಣಕಾಲು ಕೆಟ್ಟು ಕ್ಲಚ್ ತುಳಿಯಲಾಗದೆ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಹಳೆಯ ಗಾಡಿ ಕೊಂಡಿದ್ದರು. ಹತ್ತು ಮೈಲಿ ಓಡಿದ ಮೇಲೆ ಅದು ಮೂರನೇ ಗೇರಿನಲ್ಲೇ ಹಟ ಹಿಡಿದು ಕೂರುತ್ತಿತ್ತು.

"ಲೋಕೇಶ ನೋಡಿದ. ಗೇರ್‌ಬಾಕ್ಸಿನಲ್ಲಿ ಎರಡನೇ ನಂಬರು ಸೊಲೆನಾಯ್ಡ್ ಹೋಗಿದೆ ಅಂದ. ನೀನೂ ಒಂದ್ಸಲ ನೋಡಿಬಿಡಪ್ಪ."

'ನೀನೂ' ಚುಚ್ಚಿತು. ಮೊದಲೆಲ್ಲ 'ನೀನೇ' ಅನ್ನುತ್ತಿದ್ದರು.

ಸೊಲೆನಾಯ್ಡ್ ಎಂದರೆ ಬೆರಳುದ್ದದ ತಂತಿಸುರುಳಿ. ಕರೆಂಟು ಬಂದಾಗ ಎಣ್ಣೆಗೆ ದಾರಿ ಬಿಟ್ಟು ಗೇರು ಬದಲಾಗುವಂತೆ ಮಾಡುತ್ತದೆ. ಜಯದೇವಪ್ಪ ಬಾನೆಟ್ ಎತ್ತಿ, ವೈರಿನ ತುದಿಗೆ ಮೀಟರಿನ ಕಡ್ಡಿ ಇಟ್ಟ. ಒಂದನೆಯದು ಹದಿನಾಲ್ಕು ಓಮ್. ಎರಡನೆಯದೂ ಹದಿನಾಲ್ಕು. ಎರಡೂ ಸರಿ. ಹಾಲು ಕುಡಿದಷ್ಟು ಸಂತೋಷವಾಯಿತು.

"ಕಲ್ಲುಗುಂಡಿನಂಗೈತೆ ಮೇಷ್ಟ್ರೇ. ಮಿಷನ್ ಓದೋಕೆ ಬಂದ್ರೆ ಸಾಲ್ದು, ಗಾಡಿ ಓದೋಕೆ ಬರ್ಬೇಕು."

ಮೇಷ್ಟ್ರು ನಕ್ಕರು. "ಹಾಗಾದ್ರೆ ಲೋಕೇಶನ ಡಬ್ಬಿ ಸುಳ್ಳು ಹೇಳ್ತದೆ ಅನ್ನು."

"ನಾನೆಲ್ಲಿ ಅಂದೆ? ನೀವೇ ಅಂದ್ರಿ."

ಆ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಹೋಟೆಲು ತಲುಪಿತ್ತು.

ಮಾರನೆಯ ದಿನ ಜಯದೇವಪ್ಪ ಗಾಡಿ ಓಡಿಸಿ ನೋಡಲು ಹಳೇಬೀಡಿಗೆ ಹೊರಟ. ಕೆರೆ ಏರಿಯ ಹತ್ತಿರ ಗೇರು ಕಚ್ಚಿಕೊಂಡಿತು. ಎಂಜಿನ್ ಸುಡುತ್ತಿರುವಾಗಲೇ ಮತ್ತೆ ಕಡ್ಡಿ ಇಟ್ಟ. ಒಂದನೆಯದು ಹದಿನೇಳು ತೋರಿಸಿತು. ಎರಡನೆಯದು ಏನೂ ತೋರಿಸಲಿಲ್ಲ. ಒಳಗೆ ತಂತಿ ಬಿರುಕು ಬಿಟ್ಟಿತ್ತು. ಕಾದರೆ ಬಿಡುತ್ತಿತ್ತು, ಆರಿದರೆ ಕೂಡುತ್ತಿತ್ತು. ಡಬ್ಬಿ ಸರಿಯಾಗೇ ಹೇಳಿತ್ತು. ತಣ್ಣಗಿರುವಾಗ ಅಳೆದು ಮೋಸ ಹೋದವನು ತಾನು. ಇದು ಗೊತ್ತಿದ್ದದ್ದು ರಸ್ತೆಬದಿಯಲ್ಲಿ ಬಗ್ಗಿ ನಿಂತವನೊಬ್ಬನಿಗೇ.

ಅವನು ಬೆಂಗಳೂರಿನಿಂದ ಬಸ್ಸಿನಲ್ಲಿ ಹೊಸ ಸೊಲೆನಾಯ್ಡ್ ತರಿಸಿದ. ಎಣ್ಣೆ ಇಳಿಸಿ, ತಳದ ತಟ್ಟೆ ಬಿಚ್ಚಿ, ಎರಡನೇ ನಂಬರು ಬದಲಿಸಿ, ಹೊಸ ಎಣ್ಣೆ ತುಂಬಿದ. ಅರೇಹಳ್ಳಿಯವರೆಗೂ ಹೋಗಿ ಬಂದ. ಗೇರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬದಲಾಯಿತು.

"ಎಣ್ಣೆ ದಾರೀಲಿ ಕಸ ಸಿಕ್ಕಿತ್ತು ಮೇಷ್ಟ್ರೇ."

ಮೇಷ್ಟ್ರು ಕಂಡವರಿಗೆಲ್ಲ ಇದನ್ನೇ ಹೇಳಿದರು. ಎದುರಿನ ಅಂಗಡಿ ಮುಂದೆ ಗಾಡಿ ನಿಲ್ಲುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

ಎರಡು ತಿಂಗಳಾದ ಮೇಲೆ ಲೋಕೇಶ ರಸ್ತೆ ದಾಟಿ ಬಂದ. ಜಗಳಕ್ಕೆ ಬಂದಿದ್ದರೆ ಜಯದೇವಪ್ಪನಿಗೆ ಸಲೀಸಾಗುತ್ತಿತ್ತು.

"ಅಣ್ಣ, ನಿಜ ಹೇಳು. ಎರಡನೇದು ಅಲ್ವಾ?"

"ಕಸ ಕಣೋ."

"ಮಿಷನ್ ತೋರ್ಸಿದ ಕೋಡು ಅಳಿಸಿ ಅಳಿಸಿ ಮೂರು ಸಲ ಗಾಡಿ ಓಡಿಸ್ದೆ. ಮೂರು ಸಲಾನೂ ಅದನ್ನೇ ಹೇಳ್ತು. ಮಿಷನ್ನೇ ಕೆಟ್ಟಿದ್ರೆ ನಾನು ಜನಕ್ಕೆ ಮೋಸ ಮಾಡ್ದಂಗಾಯ್ತದೆ. ನೀನು ಹೇಳಿದ್ರೆ ಸಾಕು, ಮಾರ್ಬಿಡ್ತೀನಿ."

ಲೋಕೇಶನಿಗೆ ಈಗಲೂ ಇವನ ಮಾತೇ ಕೊನೆಯ ಮಾತು. ಅದು ತಿಳಿದು ಜಯದೇವಪ್ಪನ ಎದೆ ಒಂದು ಗಳಿಗೆ ಅಳ್ಳಕವಾಯಿತು. ಅಷ್ಟರಲ್ಲಿ ಲೋಕೇಶನ ಹೆಗಲ ಮೇಲಿಂದ ಕೆಂಪಕ್ಷರ ಕಣ್ಣಿಗೆ ಬಿತ್ತು.

"ಮಾರ್ಬಿಡು," ಅಂದ.

ಲೋಕೇಶ ಮಾರಿದ. ಅರಸೀಕೆರೆಯಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡಿಗೆ ವೆಲ್ಡಿಂಗ್ ಕೆಲಸಕ್ಕೆ ಸೇರಿದ.

ಆ ವರ್ಷ ಜಯದೇವಪ್ಪನ ಗ್ಯಾರೇಜಿಗೆ ಮೇಷ್ಟ್ರದಂಥ ಕಾರುಗಳು ಮತ್ತೆ ಬಂದವು. ರೋಗ ಬೇರೆ ಬೇರೆ. ಕಾಯಿಸಿ ಅಳೆದ, ಆರಿಸಿ ಅಳೆದ. ಮೀಟರು ಬಾಯಿ ಬಿಡಲಿಲ್ಲ. ಒಂದೊಂದೂ ಸ್ಕ್ಯಾನರ್ ಹುಡುಕಿಕೊಂಡು ಹಗರೆ ದಾಟಿ ಹಾಸನಕ್ಕೆ ಹೋಯಿತು, ಕೊನೆಯಲ್ಲಿ ಮೇಷ್ಟ್ರದೂ.

ಹೋದದ್ದು ಕಾರು ನಾಲ್ಕು, ಮನುಷ್ಯ ಒಬ್ಬ.