ಸಿದ್ದಣ್ಣ ತೋರಿಸದ ದಾರಿ

"ಇಳಸ್ರಿ, ಇಳಸ್ರಿ, ಹೆಗಲು ಬಿದ್ದು ಹೋಗ್ಯಾವ," ಎಂದ ಅಮೋಗಸಿದ್ಧ. ಹೂ ಕಟ್ಟಿದ ಹೆಣದ ವಿಮಾನವನ್ನು ಬಡಾವಣೆಯ ಗೇಟಿನ ಮುಂದೆ ಇಳಿಸಿದರು. ಅದರಲ್ಲಿ ಕೂರಿಸಿದ್ದ ಸಿದ್ದಣ್ಣನ ತಲೆ ರುಮಾಲಿನ ಸಮೇತ ಒಂದಿಷ್ಟು ವಾಲಿತು. ಮಗ ಪ್ರಸಾದ ನೆಟ್ಟಗೆ ಮಾಡಿದ.

ಗೇಟಿನಾಚೆ ಸಿಮೆಂಟ್ ರಸ್ತೆ, ಎರಡೂ ಕಡೆ ಹೊಸ ಮನೆಗಳು, ಅವುಗಳ ಹಿಂದಿನ ಗೋಡೆ ದಾಟಿದರೆ ಊರ ರುದ್ರಭೂಮಿ. ಸೊಲ್ಲಾಪುರ ಪಟ್ಟಣವು ಅಕ್ಕಲಕೋಟ ರಸ್ತೆಗುಂಟ ಬೆಳೆಯುತ್ತ ಬಂದು ಈ ಊರನ್ನು ಮುಟ್ಟಿ ಆರು ವರ್ಷವಾಗಿತ್ತು. ಮೊದಲು ಇಲ್ಲೇ ಜೋಳದ ಹೊಲಗಳ ನಡುವೆ ಹೆಣ ಹೊರುವ ದಾರಿ ಇತ್ತು. ಈಗ ಸತ್ತವರನ್ನು ಟೆಂಪೊದಲ್ಲಿ ಹಾಕಿ, ಹೈವೇ ಸುತ್ತಿ ಒಯ್ಯುತ್ತಾರೆ.

"ಒಳಗ ಬಿಡಂಗಿಲ್ಲರಿ. ಸಾಹೇಬ್ರ ಆರ್ಡರ್ ಐತಿ," ಎಂದ ವಾಚಮನ್ ಸಾತಪ್ಪ. ಅವನು ಮಂದ್ರೂಪದವನು, ಹೊಟ್ಟೆಪಾಡಿಗೆ ಇಲ್ಲಿ ನಿಂತವನು.

"ಅವ್ವ, ಹೈವೇ ಮ್ಯಾಲಿಂದ ಹೋಗೂಣು. ಟೆಂಪೊ ಹೇಳೀನಿ. ಮಂದಿ ದಣದಾರ," ಎಂದ ಪ್ರಸಾದ.

"ನಾನೂ ದಣದೀನಿ," ಎಂದಳು ಕಸ್ತೂರಬಾಯಿ. "ನಿಮ್ಮಪ್ಪ ಇದ ದಾರಿಲೆ ಹೋಗಬೇಕು. ಇಲ್ಲಾಂದ್ರ ಇಲ್ಲೇ ಕುಂಡ್ರಲಿ, ನಾನೂ ಕುಂಡರ್ತೀನಿ."

ಹಾಗೆಂದವಳೇ ಸುಡುವ ಡಾಂಬರಿನ ಮೇಲೆ ಕೂತೇಬಿಟ್ಟಳು.

*

ಸಿದ್ದಣ್ಣ ಮೂವತ್ತು ವರ್ಷ ಗ್ರಾಮಪಂಚಾಯತಿ ಸಿಪಾಯಿ. ಎಂಟು ವರ್ಷದ ಹಿಂದೆ ಊರಿನ ನಕಾಶೆ ಬರೆಯಲು ಸೊಲ್ಲಾಪುರದ ಆಫೀಸಿನವರು ಬಂದಾಗ ಅವರ ಜೊತೆ ಬಿಸಿಲಲ್ಲಿ ತಿರುಗುವ ಕೆಲಸ ಇನ್ಯಾರಿಗೆ ಬರಬೇಕು, ಅವನಿಗೇ ಬಂತು. ಪೇಟೆ ಬೆಳೆದರೂ ಊರು ಊರಾಗಿಯೇ ಉಳಿಯಬೇಕು, ಏನೇನು ಉಳಿಸಬೇಕೋ ತೋರಿಸು ಎಂದರು. ದನ ಮೇಯುವ ಗಾಯರಾಣ ತೋರಿಸಿದ, ಬಾವಿ ತೋರಿಸಿದ, ಹಳ್ಳ, ಬೇವಿನ ಗಿಡ ಕೂಡ ಬಿಡಲಿಲ್ಲ. ಊಟಕ್ಕೆ ಕೂತಾಗ ಕಸ್ತೂರಬಾಯಿ ಕೇಳಿದ್ದಳು:

"ಮಣ್ಣಿಗೆ ಹೋಗೂ ದಾರಿ ಬರಸೀರೋ ಇಲ್ಲೋ?"

"ಹುಚ್ಚಿ, ಅದನ್ಯಾಕ ಬರಸೂದು? ಎಲ್ಲಾರಿಗೂ ಗೊತ್ತಿದ್ದದ್ದ ಐತಿ."

ಬರೆಸದ ದಾರಿಯ ಮೇಲೆ ಎರಡು ವರ್ಷದಲ್ಲಿ ಗೋಡೆ ಎದ್ದಿತು. ಸಿದ್ದಣ್ಣ ಅರ್ಜಿ ಹಿಡಿದು ಸೊಲ್ಲಾಪುರಕ್ಕೆ ತಿರುಗಿದ್ದೇ ತಿರುಗಿದ್ದು. ನಕಾಶೆಯಲ್ಲಿ ದಾರಿ ಕಾಣುವುದಿಲ್ಲ ಎಂಬ ಒಂದೇ ಉತ್ತರ. ಊರಲ್ಲಿ ಯಾರೇ ಸತ್ತರೂ ಅವನು ಟೆಂಪೊ ಹತ್ತದೆ, ಹೈವೇಗುಂಟ ಹಿಂದೆ ಒಬ್ಬನೇ ನಡೆದು ಹೋಗುತ್ತಿದ್ದ. ಹಾಸಿಗೆ ಹಿಡಿದ ಮೇಲೂ, "ನನ್ನ ಬಾಯಾಗ ಮಣ್ಣ ಬೀಳಲಿ, ಒಂದ ಮಾತು ಹೇಳಲಿಲ್ಲ ನಾ," ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

*

ಸಾತಪ್ಪ ಮೂರು ಸಲ ಫೋನು ಹಚ್ಚಿದ. ಸಾಹೇಬರು ಎತ್ತಲಿಲ್ಲ.

"ಆಯಿ, ಏಳ್ರಿ. ನನ್ನ ನೌಕರಿ ಹೋಗ್ತೈತಿ."

"ತಮ್ಮಾ, ನಿಮ್ಮ ಮಂದ್ರೂಪದಾಗ ನಿಮ್ಮಪ್ಪನ್ನ ಯಾವ ದಾರಿಲೆ ಒಯ್ದ್ರಿ?"

"ಕಬ್ಬಿನ ಹೊಲದಾಗಿಂದ," ಎಂದ ಸಾತಪ್ಪ. ಆಮೇಲೆ ವಿಮಾನದ ಕಡೆ ನೋಡಿದ. "ಈಗ ಅಲ್ಲೂ ಪ್ಲಾಟ್ ಬಿದ್ದಾವ, ಆಯಿ."

ಗೇಟು ತೆಗೆದ. "ಲಗೂ ಲಗೂ ದಾಟ್ರಿ. ಬಾಜಾ ಬಾರಸಬ್ಯಾಡ್ರಿ."

ಬಾಜಾ ಇಲ್ಲದೆ ಹೊರಟರು. ಅಮೋಗಸಿದ್ಧ ಹೆಗಲನ್ನು ಇನ್ನೊಬ್ಬನಿಗೆ ಬಿಟ್ಟು, ಮುಂದೆ ದಾರಿಯುದ್ದಕ್ಕೂ ಚೀಲದಿಂದ ಚುರುಮುರಿ, ಚೆಂಡುಹೂ ಎರಚುತ್ತ ನಡೆದ. ಒಂದು ಮನೆಯವರು ಕಿಟಕಿ ಹಾಕಿಕೊಂಡರು, ಇನ್ನೊಂದು ಮನೆಯ ಮುದುಕಿ ಕೈಮುಗಿದಳು. ಹಿಂದಿನ ಗೋಡೆಯಲ್ಲಿ ಕಸದ ಗಾಡಿಗೆಂದು ಬಿಟ್ಟ ಬಾಗಿಲಿನಿಂದ ವಿಮಾನವನ್ನು ಬಗ್ಗಿಸಿ ದಾಟಿಸಿದರು.

ಮಣ್ಣು ಕೊಟ್ಟು ತಿರುಗಿ ಬರುವಾಗ ಸಾತಪ್ಪ ಕಸಬರಿಗೆ ಹಿಡಿದು ನಿಂತಿದ್ದ. ಸಾಹೇಬರು ಬರುವುದರೊಳಗೆ ರಸ್ತೆ ಗುಡಿಸಬೇಕು, ಪಾಪ.

"ಒಂದಿಷ್ಟು ತಡಿ ತಮ್ಮಾ," ಎಂದಳು ಕಸ್ತೂರಬಾಯಿ. "ಪ್ರಸಾದ, ಫೋಟೊ ತಗಿ. ಆಫೀಸಿನವ್ರಿಗೆ ತೋರಸು. ದಾರಿ ಕಾಣತೈತೋ ಇಲ್ಲೋ ಕೇಳು."

ರಸ್ತೆಗುಂಟ ಬಿದ್ದ ಚುರುಮುರಿಯ ಸಾಲನ್ನು ಗಾಳಿ ಅಲ್ಲಲ್ಲಿ ಸರಿಸಿತ್ತು. ಅಮೋಗಸಿದ್ಧನ ಚೀಲದಲ್ಲಿ ಉಳಿದದ್ದನ್ನು ಉಡಿಗೆ ಸುರಿದುಕೊಂಡು, ಸಾಲು ಹರಿದಲ್ಲೆಲ್ಲ ಬಗ್ಗಿ ಬಗ್ಗಿ ಮುಷ್ಟಿ ಮುಷ್ಟಿ ಹಾಕುತ್ತ ಅವಳು ಗೇಟಿನತನಕ ಬಂದಳು. ಅವಳ ಮುಂದೆ ಪ್ರಸಾದ ಫೋನು ಎತ್ತಿ ಹಿಡಿದು, ಇಡೀ ಸಾಲು ಒಂದೇ ಫೋಟೊದಲ್ಲಿ ಬರಲೆಂದು, ಹಿಮ್ಮುಖವಾಗಿ ಹೆಜ್ಜೆ ಇಡುತ್ತ ಹೋದ.